ಬಾಕಿ ಹದಿನಾಲ್ಕು ಹಾಲಿ ಸಿಕ್ಕಾ

ನಮ್ಮ ಚೋಪಡಿಯಲ್ಲಿ ಅವನ ಹೆಸರು ತಿರಾನ್ ಸಾಬ.
ಟ್ರೆಹರ್ನ್ ಅನ್ನಬೇಕಂತೆ. ಅದು ನನಗೆ ತಿಳಿದದ್ದು ಬಹಳ ತಡವಾಗಿ.
ಮುತ್ತಜ್ಜ ದಸ್ತಗೀರನ ಬಾಯಿಗೆ ಹಿಡಿಸಿದ್ದು ಅಷ್ಟೇ.

ಒಂದು ಚಳಿಗಾಲ ಬೀದರಕ್ಕೆ ಬಂದ, ಮೇಣೆಯಲ್ಲಿ.
ಕೋಟೆ ನೋಡಿದ, ಕೆಮ್ಮಿದ,
ಮದರಸಾದ ಮೀನಾರಿನ ನೆರಳಿಗೆ ಕೂತು ಸೀತಾಫಲ ತಿಂದ,
ಬೀಜ ಎಲ್ಲಿ ಉಗುಳಬೇಕೆಂದು ತಿಳಿಯದೆ ಅಂಗೈಯಲ್ಲೇ ಹಿಡಿದು
ನಮ್ಮ ಕಟ್ಟೆಗೆ ಬಂದ.
ಮಸಿಕುಡಿಕೆ ಬೇಕು, ಬಿದರಿಯದು.
ಮೇಲೆ ತನ್ನ ಹೆಸರು. ಹೆಸರಿನ ಬಾಲಕ್ಕೆ ಎರಡು ಅಕ್ಷರ, ಎಂ, ಪಿ.

ಚುನಾವಣೆ ಇನ್ನೂ ಆಗಿರಲಿಲ್ಲ.

ಇಂಗ್ಲಿಷ್ ಬಾರದ ಅಜ್ಜನಿಗೆ
ಎಂ ಅಂದರೆ ಜೋಡಿ ಕಮಾನು, ಪಿ ಅಂದರೆ ಬಾಗಿದ ಮೊಗ್ಗು.
ಸತುವಿನಲ್ಲಿ ಉಳಿ ಆಡಿಸಿ, ಬೆಳ್ಳಿತಂತಿ ಬಡಿದು ಕೂರಿಸಿ
ಕೋಟೆಯ ಮಣ್ಣು, ನವಸಾಗರ ಕಲಸಿ ಅದ್ದಿದ.
ಕಪ್ಪಾಗಬೇಕಾದ್ದು ಕಪ್ಪಾಯಿತು.

ಅಲ್ಲಿ ಸಾಹೇಬ ಗೆದ್ದನಂತೆ, ಹನ್ನೊಂದು ವೋಟಿಗೆ,
ಮೀನು ಒಣಗಿಸುವ ಯಾವುದೋ ಸಣ್ಣ ಊರಿನಿಂದ.
ಸಭೆಯಲ್ಲಿ ಒಂದೇ ಸಲ ಎದ್ದು ನಿಂತು
ಕಿಟಕಿಯ ಗಾಳಿ ತಣ್ಣಗಿದೆ, ಮುಚ್ಚಿಸಿ ಅಂದ.
ಮುಚ್ಚಿಸಿದರೋ ಇಲ್ಲವೋ.
ಬೀದರದ ಮಾತು ಎತ್ತುತ್ತೇನೆಂದು
ಅಜ್ಜನ ಕೈಮೇಲೆ ಕೈಯಿಟ್ಟು ಹೇಳಿದ್ದ, ಸೀತಾಫಲದ ಅಂಟು ಕೈ.
ಒಂಬತ್ತನೇ ತಿಂಗಳಿಗೆ ಫಿರ್ಯಾದು ಬಿತ್ತು:
ಬೀರು ಕುಡಿಸಿ ವೋಟು ಕೊಂಡಿದ್ದಾನೆ.
ಕುರ್ಚಿ ಹೋಯಿತು.

ಆಮೇಲೆ ಹೈದರಾಬಾದಿನ ಮೇಲಿಂದ ಕಾಗದ:
ಕೊನೆಯ ಎರಡು ಅಕ್ಷರ ಅಳಿಸಿ ಕಳಿಸಿ,
ಉಳಿದ ಹಣ ಕೂಡಲೇ ಕೊಡುತ್ತೇನೆ.

ಓದಿಸಿಕೊಂಡ ಅಜ್ಜ ಎರಡು ದಿನ ಉಳಿ ಮುಟ್ಟಲಿಲ್ಲ.
ಬಡಿದ ಬೆಳ್ಳಿ ಕೀಳಬಹುದು, ಗುಂಡಿ ಉಳಿಯುತ್ತದೆ.
ಮೂರನೇ ದಿನ ಎಂ ಮೇಲೆ ಎಲೆ ಹಬ್ಬಿಸಿದ,
ಪಿ ತಲೆಗೆ ಐದು ಎಸಳು.
ಅಷ್ಟರಲ್ಲಿ ಸಾಹೇಬ ಸತ್ತ.
ಅದೇ ಕೆಮ್ಮು ಇರಬೇಕು.

ಈಗ ಅದರೊಳಗೆ ಅಮ್ಮಿಯ ಸೇಫ್ಟಿ ಪಿನ್ನು, ಎರಡು ಏಲಕ್ಕಿ,
ಯಾವ ಬೀಗದ್ದೋ ಒಂದು ಕೀಲಿ.
ಈದ್ ಹತ್ತಿರ ಬಂದಾಗ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತೇನೆ,
ಎಲೆಯ ಅಡಿಯಿಂದ ಹೆಬ್ಬೆರಳಿಗೆ ಹತ್ತುತ್ತದೆ ಜೋಡಿ ಕಮಾನು.
ಪಾಪ ಅನ್ನಿಸುತ್ತದೆ, ಯಾರ ಬಗ್ಗೆ ಅಂತ ಹೇಳಲಾರೆ.

ಮೊನ್ನೆ ಚಿಕ್ಕಪ್ಪನ ಮಗ ಮುನೀರ ಬಂದಿದ್ದ.
ನಗರಸಭೆಗೆ ನಿಂತಾನ. ಎಣಿಕೆ ಶುಕ್ರವಾರ.
'ಬಾಗಿಲಿಗೆ ಹಚ್ಚಲಿಕ್ಕ ಒಂದು ಬಿದರಿ ಪಾಟಿ ಮಾಡಿಕೊಡು ಆಪಾ,
ಹೆಸರಿನ ಕೆಳಗ ಸದಸ್ಯರು ಅಂತ ಇರಲಿ.'

ಪೂರ್ತಿ ದುಡ್ಡು ಮುಂಗಡ ಕೇಳಿದೆ.