ಬಲಕ್ಕೆ ಓರೆ

ಪೆರ್ಲ ಪೇಟೆಯಲ್ಲಿ ನನ್ನದು ಪಾಸ್‌ಪೋರ್ಟ್ ಸೈಜಿನ ಅಂಗಡಿ.
ಗದ್ದ ಎತ್ತಿ, ಕಿವಿ ಕಾಣಲಿ, ನಗಬೇಡಿ:
ದಿನಕ್ಕೆ ನಲವತ್ತು ಸಲ.
ಭಾನುವಾರ ಶಟರ್ ಎಳೆದು ಪದವು ಹತ್ತುತ್ತೇನೆ,
ಯಾರೂ ಕಣ್ಣು ಪಿಳುಕಿಸದಲ್ಲಿಗೆ.

ಕಡಿದು ಬಿಟ್ಟ ಕಲ್ಲುಕೋರೆ. ಮುರಕಲ್ಲಿನ ಗೋಡೆ.
ಮೇಲಂಚಿನಲ್ಲೊಂದು ಗೋಳಿ
ಬೇರು ಇಳಿಬಿಟ್ಟು ಕೂತಿದೆ.
ಆಕಾಶ ಬೇಡವೆಂದೆ. ಎಲೆಯೂ ಬೇಡ.
ಲೆನ್ಸನ್ನು ಗೇಣು ದೂರಕ್ಕೆ ತಂದು ಉಸಿರು ಹಿಡಿದೆ.
ಕಲ್ಲಿನ ತೂತಿನೊಳಗೆ ಬೇರಿನ ತುದಿ,
ಹಾಲುಹಲ್ಲಿನ ಬಿಳುಪು.
ಕಟ್ಟಿರುವೆಯೊಂದು ಹಾದುಹೋಯಿತು;
ಫೋಕಸ್ಸು ಅದರ ಹಿಂದೆ ಅಷ್ಟು ದೂರ ಹೋಗಿ ಬಂತು.

ಒಂದೇ ಸಂಶಯ:
ನೇರ ಇಳಿಯಬೇಕಾದ ಬೇರುಗಳು
ಉದ್ದಕ್ಕೂ ಬಲಕ್ಕೆ ಓರೆ.
ಗಾಳಿಯೋ, ಬಿಸಿಲೋ,
ಮೂರು ಭಾನುವಾರ ಯೋಚಿಸಿದೆ.

ಆಡಿಗೆ ಸೊಪ್ಪು ಕೊಯ್ಯಲು ಬಂದ ಕುಂಞಂಬು
ಕನ್ನಡಕ ಹಣೆಗೇರಿಸಿ ಸ್ಕ್ರೀನಿಗೆ ಬಗ್ಗಿ
“ಇದು ನಾನಲ್ವಾ!” ಎಂದ.
ಉಳಿದವರ ಪಿಕ್ಕಾಸು ಎಡಕ್ಕೆ ಗೀರುತ್ತಿತ್ತಂತೆ;
ಇಡೀ ಕೋರೆಯಲ್ಲಿ ಎಡಚ ಇವನೊಬ್ಬನೇ,
ಏಟು ಬಲಕ್ಕೇ ಬೀಳುವುದು.
ಮೇಸ್ತ್ರಿ ಬೈಯುತ್ತಿದ್ದನಂತೆ, ಕಲ್ಲು ಸೊಟ್ಟ ಕಾಣುತ್ತದೆಂದು.

ಗೀರಿನಲ್ಲಿ ಮಣ್ಣು ಕೂತು, ಮಣ್ಣಲ್ಲಿ ನೀರು ಕೂತು
ಮೂವತ್ತು ವರ್ಷ
ಗೋಳಿ ಅವನ ಅಕ್ಷರದ ಮೇಲೇ ತಿದ್ದಿದೆ.
ನಾನು ತೆಗೆಯಹೊರಟದ್ದು
ಮನುಷ್ಯರಿಲ್ಲದ ಚಿತ್ರ.

“ಪೆನ್ಶನ್ ಅರ್ಜಿಗೊಂದು ಫೋಟೋ ಬೇಕಿತ್ತು,
ಇದೇ ಸಾಕಲ್ಲ?”
ನಕ್ಕ. ಬಾಯಿ ತುಂಬ ಎಲೆಯಡಿಕೆ.
ನಗಬೇಡಿ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ.
ಸೊಪ್ಪಿನ ಕಟ್ಟನ್ನು ಎಡಹೆಗಲಿಗೇರಿಸಿ
ಇಳಿದು ಹೋದ.