ನಾಲ್ಕು ಶೇಕಡ

ಸ್ಲೌ. ರಾತ್ರಿ ಎರಡೂಕಾಲು.
ಮುಂದೆ ಚಳಿಯ ಓಣಿ, ಹಿಂದೆ ಸೆಕೆಯ ಓಣಿ,
ನಡುವೆ ರ‍್ಯಾಕುಗಳು, ಪಾತ್ರೆಯಂಗಡಿಯ ಹಾಗೆ
ಪಾದದಿಂದ ತಲೆಮೇಲಿನ ತನಕ.

ಫ್ಯಾನುಗಳ ಗದ್ದಲದಲ್ಲಿ ವಿಲ್ಫ್ ಕೂಗಿ ಹೇಳುತ್ತಾನೆ:
ಸ್ವಿಚ್ಚು ಬೀದಿಯ ಅಂಚೆಯವ, ಮನೆಮನೆ ಬಲ್ಲ.
ರೌಟರಿಗೆ ಊರುಗಳ ದಾರಿಯಷ್ಟೇ ಗೊತ್ತು.
ಗೇಟ್‌ವೇ ನನಗೇ ಹೊಳೆಯಿತು, ಹಿರಿಸೊಸೆ:
ಯಾರೂ ಅರಿಯದ ವಿಳಾಸವೆಲ್ಲ ಅವಳ ತಲೆಗೆ.

ಪಿಂಗ್ ಅಂದರೆ ಇಷ್ಟೇ.
"ಇದ್ದೀಯಾ?"
"ಇದ್ದೀನಿ."
ನಡುವಿನ ಹೊತ್ತಿಗೆ ಲೇಟೆನ್ಸಿ ಅಂತ ಹೆಸರು.
ನನ್ನ ಗಂಡನದು, ಪೇಪರು ಹಿಡಿದಾಗ, ಎರಡು ನಿಮಿಷ.

ಕೆಳಗೊಂದು ಹಳದಿ ದೀಪ. ಡಿಸ್ಕು ಸತ್ತಿದೆ.
"ನೀನೇ ಎಳಿ, ಮ್ಯಾಂಡಿ."
ಮಂದಾಕಿನಿ ಅವನ ಬಾಯಲ್ಲಿ
ಅರ್ಧ ಪ್ಯಾಕೆಟ್ಟು ಕಳಕೊಂಡೇ ತಲುಪುವುದು.
"ಆಫ್ ಮಾಡದೆ?"
"ಹಾಟ್ ಸ್ವಾಪ್."

ಓಡುವ ಬಂಡಿಯ ಚಕ್ರಕ್ಕೆ ಕೈ ಹಾಕಿದೆ.
ಬಿಸಿ, ಈಗಷ್ಟೇ ಇಸ್ತ್ರಿಯಾದ ಕಾಲರಿನಷ್ಟು.
ಹೊಸದನ್ನು ತಳ್ಳಿದೆ. ಟಕ್.
ಅಕ್ಕಪಕ್ಕದವು ತಮ್ಮ ಲೆಕ್ಕದ ಪುಸ್ತಕ ಬಿಚ್ಚಿ
ಹೋದವನ ಸಾಲುಗಳನ್ನು ಒಂದೊಂದಾಗಿ
ಬಂದವನಿಗೆ ಓದಿ ಬರೆಸತೊಡಗಿದವು.

ನಾಲ್ಕು ಶೇಕಡ.
ವಿಲ್ಫ್ ಚಹಾಕ್ಕೆ ಹೋದ.
ನಾನು ಹೋಗಲಿಲ್ಲ.
ಐದು.