ಹೋದ ದಿನದ ತಾರೀಖು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಗೇಟಿನಲ್ಲಿ
ಮುನಿಶಾಮಪ್ಪನಿಗೆ ಯಾರ ಮುಖವೂ ನೆನಪಿರುವುದಿಲ್ಲ.
ಇಪ್ಪತ್ತು ವರ್ಷ ಬಂದುಹೋದವರನ್ನೂ
"ಯಾವೂರಪ್ಪಾ?" ಅಂತಲೇ ಕೇಳುತ್ತಾನೆ.
ಚೀಟಿ ತೋರಿಸಿದರೆ ಮಾತ್ರ
"ಓ, ನೂರಾ ಹದಿನಾಲ್ಕನೇ ಲಾಟು! ಬಾ ಬಾ."

ನನ್ನ ಸರ್ವರ್ರೂ ಅವನ ಜಾತಿಯದೇ.
ಬಂದವರಿಗೆ ಇವತ್ತಿನ ದರ ಹೇಳಿ
ಬಾಗಿಲು ಮುಚ್ಚಿದ ಕೂಡಲೇ ಮರೆಯುತ್ತದೆ.
ಅದಕ್ಕೇ ಹೋಗುವವರ ಕೈಗೊಂದು ಚೀಟಿ:
ಹೆಸರು, ಮಿಶ್ರತಳಿಯೋ ದ್ವಿತಳಿಯೋ,
ಮೂವತ್ತು ದಿನದ ವಾಯಿದೆ.
ಇದರ ಹೆಸರು ಕುಕ್ಕಿ ಅಂದೆ.
ಅಮ್ಮಿ ಬಿಸ್ಕತ್ತಿನ ಡಬ್ಬಿ ನನ್ನ ಕಡೆ ತಳ್ಳಿದಳು.

ಮೊದಲ ರಾತ್ರಿ ಚೀಟಿ ಹೊರಡಲೇ ಇಲ್ಲ.
ಚೀಟಿ ಮೊದಲು, ಮಾತು ಆಮೇಲೆ, ಅದು ಇದರ ನೇಮ.
ನಾನು ಎಲ್ಲಿ ಮಾತಾಡಿದೆ?
ಹುಡುಕಿ ಹುಡುಕಿ, ಪಕ್ಕದ ಶೆಡ್ಡಿನಲ್ಲಿ
ಗೂಡು ಬೇಯಿಸುವ ಒಲೆ ಹೊತ್ತುವ ಹೊತ್ತಿಗೆ ಸಿಕ್ಕಿತು:
ಕಡತದ ನೆತ್ತಿಯಲ್ಲಿ ಒಂದು ಖಾಲಿ ಸಾಲು.
ಏನೂ ಬರೆಯದ ಸಾಲೂ ಇದರ ಲೆಕ್ಕದಲ್ಲಿ ಮಾತೇ.

ಅದನ್ನು ಅಳಿಸಿ, ಚೀಟಿ ಕೊಟ್ಟು,
ಕೊಟ್ಟ ಬಾಯಲ್ಲೇ ಓದು ಅಂದೆ. ಬರಿದು.
ಈಗ ತಾನೇ ಕೊಟ್ಟೆನಲ್ಲ ಮಾರಾಯ!
ಕೊಟ್ಟದ್ದು ಒಮ್ಮೆ ಹೊರಗೆ ಹೋಗಿ
ತಾನಾಗಿ ತಿರುಗಿ ಬರಬೇಕಂತೆ.
ಪುಟ ಮತ್ತೆ ತೆರೆದೆ:
"ನಮಸ್ಕಾರ, ಮುಬೀನಾ."
ನಾನೇ ಬರೆದ ನಮಸ್ಕಾರ; ಆದರೂ ಒಬ್ಬಳೇ ನಕ್ಕೆ.

ಎರಡು ತಿಂಗಳಾದ ಮೇಲೆ
ದಿಬ್ಬೂರಹಳ್ಳಿಯ ಚೌಡಮ್ಮ ಮೊಬೈಲು ಹಿಡಿದು ಬಂದಳು.
"ಸೆಕೆಂಡ್ ಹ್ಯಾಂಡ್ ತಗೊಂಡೆ ಕಣಮ್ಮ.
ನಿನ್ನ ಪುಟ ನನ್ನ ಪ್ಯಾರೇಜಾನ್ ಅಂತ ಕರೀತದೆ."

ಪ್ಯಾರೇಜಾನ್ ಚಾಚಾ ಹೋದ ವಾರ ಬಾಯ್ಲರು ಮಾರಿದ್ದ,
ಆಮೇಲೆ ಮೊಬೈಲನ್ನೂ.
ಸರ್ವರ್ರಿಗೆ ಕೈ ಯಾರದಾದರೇನು,
ಚೀಟಿ ಅವನದೇ.

ಚೀಟಿ ಕಿತ್ತುಕೊಳ್ಳುವುದಕ್ಕೆ ಇಲ್ಲಿ ಬೇರೆ ಆಜ್ಞೆಯಿಲ್ಲ.
ಅದೇ ಹೆಸರಿನ ಇನ್ನೊಂದು ಚೀಟಿಗೆ
ಕಳೆದ ತಾರೀಖಿನ ವಾಯಿದೆ ಹಾಕಿ ಕೊಡಬೇಕು.
ಯಾವ ತಾರೀಖಾದರೂ ನಡೆಯುತ್ತದೆ, ನಿನ್ನೆಯದಾದರೂ ಸರಿ.
ನಾನು ಚಾಚಾನ ಒಲೆ ಆರಿದ ದಿನ ಬರೆದೆ.

ಆ ಸಲವೂ ಪುಟ "ನಮಸ್ಕಾರ, ಪ್ಯಾರೇಜಾನ್" ಅಂದಿತು,
ಹಳೆಯ ಚೀಟಿ ಆಗಲೇ ಒಳಗೆ ಬಂದಿತ್ತಲ್ಲ.
ಮುಂದಿನ ಸಲ: "ನಿಮ್ಮ ಹೆಸರು?"
ಚೌಡಮ್ಮ ಒಂದೊಂದೇ ಅಕ್ಷರ ಒತ್ತಿದಳು.

ಸಂಜೆ ಚಾಚಾ, ಸುಮ್ಮನೆ, ಹಳೆಯ ಅಭ್ಯಾಸಕ್ಕೆ
ಮಾರುಕಟ್ಟೆ ಕಡೆ ಬಂದ.
ಗೇಟಿನಲ್ಲಿ ಮುನಿಶಾಮಪ್ಪ,
"ಯಾವೂರಪ್ಪಾ?"
ಚಾಚಾನ ಕೈ ಜೇಬಿಗೆ ಹೋಯಿತು,
ಅಲ್ಲೇ ಇತ್ತು ಸ್ವಲ್ಪ ಹೊತ್ತು.